ಕಾಡಾನೆ ಗೇಮಿಗೆ ಚಿಪ್ ಸದ್ದು ಬರೆಯುವುದು ಹೇಗೆ?

ಸ್ಕ್ವೇರ್ ವೇವ್, ಅಂದರೆ ಮೇಲೆ ಕೆಳಗೆ ಥಟ್ಟನೆ ಜಿಗಿಯುವ ಸದ್ದಿನ ಅಲೆ, ಬರೆಯುವುದು ಐದು ನಿಮಿಷದ ಕೆಲಸ. ಮೂರು ಸಾಲು ಕೋಡ್ ಕೊಟ್ಟರೆ ಲ್ಯಾಪ್‌ಟಾಪ್ ಒಂದೇ ಸಮನೆ ಕೂಗುತ್ತದೆ. ಆದರೆ ಅದನ್ನು ಕೇಳಿದವರು ‘ಅರೆ, ಹಳೇ ವಿಡಿಯೋ ಗೇಮ್!’ ಅನ್ನುವುದಿಲ್ಲ. ‘ಯುಪಿಎಸ್ ಚಾರ್ಜ್ ಮುಗೀತಾ?’ ಅಂತ ಕೇಳುತ್ತಾರೆ. ಜುಲೈ ತಿಂಗಳ ಕೊಡಗಿನಲ್ಲಿ ಅದು ತೀರಾ ಸಹಜವಾದ ಪ್ರಶ್ನೆ.

ಹಾಗಾದರೆ ಆ ಕೂಗಿಗೆ ಹಳೇ ಗೇಮಿನ ಕಳೆ ಬರುವುದು ಯಾವಾಗ? ಅದರ ಅಂಕಿಗಳನ್ನು ಸೆಕೆಂಡಿಗೆ 60 ಸಲ ಬದಲಾಯಿಸಲು ಶುರು ಮಾಡಿದಾಗ. ಚಿಪ್ ಸಂಗೀತದ, ಅಂದರೆ ಹಳೇ ಗೇಮ್ ಯಂತ್ರಗಳ ಚಿಪ್ ಹುಟ್ಟಿಸುತ್ತಿದ್ದ ಸಂಗೀತದ ಮುಕ್ಕಾಲು ಭಾಗ ಇರುವುದು ಈ ಬದಲಾವಣೆಯ ಪಟ್ಟಿಗಳಲ್ಲಿ. ಅಲೆ ಬರೀ ಕಚ್ಚಾ ಮಾಲು. ಇಂಟರ್‌ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಹೆಚ್ಚಿನವು ಅಲೆಯನ್ನು ವಿವರಿಸಿ ಅಲ್ಲಿಗೇ ಕೈ ತೊಳೆದುಕೊಳ್ಳುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದು ಗೇಮ್ ಕೈಯಲ್ಲಿದೆ. ಗೋಣಿಕೊಪ್ಪದ ನಮ್ಮ ನೆಂಟರ ಮಕ್ಕಳಿಬ್ಬರು ಮಳೆ ರಜೆಯಲ್ಲಿ ಕೂತು ಪೈಥಾನ್‌ನಲ್ಲಿ ಬರೆದದ್ದು. ಕಾಫಿ ತೋಟದಲ್ಲಿ ಹಣ್ಣು ಕುಯ್ಯಬೇಕು, ಕಾಡಾನೆ ಬಂದರೆ ಲೈನ್ ಮನೆಗೆ (ತೋಟದ ಕೆಲಸಗಾರರ ಸಾಲು ಮನೆಗೆ) ಓಡಬೇಕು. ‘ಜುಲೈಯಲ್ಲಿ ಎಲ್ಲಿಯ ಕಾಫಿ ಹಣ್ಣು?’ ಅಂತ ಅವರ ಅಜ್ಜ ತಕರಾರು ತೆಗೆದ ಮೇಲೆ ತಿಂಗಳು ಬದಲಾಯಿಸುವ ಬಟನ್ ಕೂಡ ಸೇರಿಕೊಂಡಿದೆ. ಇದಕ್ಕೆ ನಾಲ್ಕು ಸದ್ದು ಬೇಕಿತ್ತು: ಹಣ್ಣು ಕಿತ್ತಾಗ ಒಂದು ಟಿಂಗ್, ಹಿನ್ನೆಲೆಗೆ ದುಡಿ ಅನ್ನುವ ಚರ್ಮವಾದ್ಯ, ಮಳೆ, ಮತ್ತೆ ಆನೆ. ನಾಲ್ಕನ್ನೂ ನೆಟ್‌ನಿಂದ ಇಳಿಸಿಕೊಳ್ಳಬಹುದಿತ್ತು. ಮಕ್ಕಳು ಬೇಡ ಅಂದರು. ಒಳ್ಳೆಯದೇ ಆಯಿತು.

ಚಿಪ್‌ನಲ್ಲಿ ಏನಿತ್ತು?

ಒಂದು ಸೆಕೆಂಡಿನ ಸದ್ದನ್ನು ಸಿಡಿ ಗುಣಮಟ್ಟದಲ್ಲಿ, ಒಂದೇ ಚಾನೆಲ್‌ನಲ್ಲಿ ರೆಕಾರ್ಡ್ ಮಾಡಿದರೆ 88,200 ಬೈಟ್ ಬೇಕು. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಗೇಮ್ ಯಂತ್ರ ಬಂದಾಗ ಅದರ ಮೊದಮೊದಲ ಕ್ಯಾಸೆಟ್‌ಗಳಲ್ಲಿ ಚಿತ್ರವೂ ಸೇರಿ ಇಡೀ ಗೇಮಿಗೆ ಹೆಚ್ಚೆಂದರೆ 40 ಕಿಲೋಬೈಟ್ ಜಾಗ ಇರುತ್ತಿತ್ತು. ಅರ್ಧ ಸೆಕೆಂಡಿನ ರೆಕಾರ್ಡಿಂಗ್ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಸದ್ದನ್ನು ತುಂಬಿಡುವ ಬದಲು ಆ ಹೊತ್ತಿಗೆ ಹುಟ್ಟಿಸುವ ಸರ್ಕ್ಯೂಟನ್ನೇ ಚಿಪ್ಪಿನೊಳಗೆ ಇಟ್ಟರು. ಪ್ರೋಗ್ರಾಂ ಮಾಡುವವನ ಕೆಲಸ ಆ ಸರ್ಕ್ಯೂಟಿನ ರಿಜಿಸ್ಟರ್‌ಗಳಲ್ಲಿ, ಅಂದರೆ ಅಂಕಿ ಹಿಡಿದಿಡುವ ಪುಟ್ಟ ಮನೆಗಳಲ್ಲಿ, ಅಂಕಿ ಬರೆಯುವುದು ಅಷ್ಟೇ.

ಫ್ಯಾಮಿಕಾಮ್‌ನ 2ಎ03 ಚಿಪ್ಪನ್ನು ಮಾಡಿದ್ದು ರಿಕೊ ಕಂಪನಿ. ಅದರಲ್ಲಿ ಐದು ಚಾನೆಲ್, ಅಂದರೆ ಒಟ್ಟಿಗೆ ಸದ್ದು ಮಾಡಬಲ್ಲ ಐದು ದಾರಿ: ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಮತ್ತೆ ಚಿಕ್ಕ ರೆಕಾರ್ಡಿಂಗ್ ತುಣುಕು ನುಡಿಸಲು ಒಂದು. ಅದಕ್ಕಿಂತ ಒಂದು ವರ್ಷ ಮೊದಲು, 1982ರಲ್ಲಿ ಕಮೊಡೋರ್ 64 ಕಂಪ್ಯೂಟರಿನ ಜೊತೆ ಬಂದ ಸಿಡ್ ಚಿಪ್‌ನಲ್ಲಿ ಮೂರೇ ಸ್ವರ. ಆದರೆ ಅದರ ವಿನ್ಯಾಸ ಮಾಡಿದ ಬಾಬ್ ಯಾನೆಸ್ ಅದಕ್ಕೆ ಸದ್ದನ್ನು ಸೋಸುವ ಒಂದು ಫಿಲ್ಟರನ್ನೂ ಕೊಟ್ಟಿದ್ದರು. ಅದು ಆಟಿಕೆಗಿಂತ ಸಂಗೀತ ವಾದ್ಯಕ್ಕೆ ಹತ್ತಿರ. 1989ರ ಗೇಮ್ ಬಾಯ್‌ನಲ್ಲಿ ನಾಲ್ಕು ಚಾನೆಲ್. ಇನ್ನೂ ಹಲವು ಚಿಪ್‌ಗಳಿವೆ, ಬಿಡಿ. ಇಲ್ಲಿ ಫ್ಯಾಮಿಕಾಮ್‌ನದ್ದನ್ನೇ ಹಿಡಿದುಕೊಳ್ಳುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮ್‌ಗಳು ಹೆಚ್ಚಾಗಿ ಅದರ ನಕಲುಗಳೇ ಅಲ್ವಾ?

ಮೂರು ಸಾಲು

ಕಂಪ್ಯೂಟರಿಗೆ ಸದ್ದು ಅಂದರೆ ಅಂಕಿಗಳ ಸಾಲು. ಸೆಕೆಂಡಿಗೆ 44,100 ಅಂಕಿ. ಒಂದೊಂದೂ ಆ ಕ್ಷಣಕ್ಕೆ ಸ್ಪೀಕರಿನ ಪರದೆ ಎಷ್ಟು ಮುಂದೆ, ಎಷ್ಟು ಹಿಂದೆ ಇರಬೇಕು ಅಂತ ಹೇಳುತ್ತದೆ. ಈ ಒಂದೊಂದು ಅಂಕಿಗೆ ಸ್ಯಾಂಪಲ್ ಅನ್ನುತ್ತಾರೆ. ಪಲ್ಸ್ ಅಲೆಗೆ ಬೇಕಾದ ಲೆಕ್ಕ ಇಷ್ಟು:

ಹಂತ = ಹಂತ + ಫ್ರೀಕ್ವೆನ್ಸಿ ÷ 44100
ಹಂತ 1 ದಾಟಿದರೆ ಅದರಿಂದ 1 ಕಳೆ
ಹಂತ ಡ್ಯೂಟಿಗಿಂತ ಕಡಿಮೆ ಇದ್ದರೆ +1 ಕೊಡು, ಇಲ್ಲದಿದ್ದರೆ −1 ಕೊಡು

ಪೈಥಾನ್ 3ರಲ್ಲಿ ಈ ‘ಹಂತ’ ಅನ್ನುವ ಹೆಸರನ್ನು ಹೀಗೇ ಕನ್ನಡದಲ್ಲೇ ಇಡಬಹುದು, ಅದೇನೂ ಗೊಣಗುವುದಿಲ್ಲ. ಮಕ್ಕಳು ಹಾಗೇ ಇಟ್ಟಿದ್ದಾರೆ.

440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಸುತ್ತು ಹೊಡೆಯುವ ಸ್ವರಕ್ಕೆ ಹಂತ ಪ್ರತಿ ಸ್ಯಾಂಪಲ್‌ಗೆ 0.009977ರಷ್ಟು ಮುಂದೆ ಹೋಗುತ್ತದೆ. ಅಂದರೆ ಸುಮಾರು 100 ಸ್ಯಾಂಪಲ್‌ಗೆ ಒಂದು ಸುತ್ತು. ಆ ಸುತ್ತಿನಲ್ಲಿ ಅಲೆ ಎಷ್ಟು ಹೊತ್ತು ಮೇಲೆ ಇರುತ್ತದೆ ಅನ್ನುವುದೇ ಡ್ಯೂಟಿ. ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇದ್ದರೆ ಅದು ಸ್ಕ್ವೇರ್ ವೇವ್. ಫ್ಯಾಮಿಕಾಮ್ ನಾಲ್ಕು ಡ್ಯೂಟಿ ಕೊಡುತ್ತಿತ್ತು: ಶೇಕಡಾ 12.5, 25, 50 ಮತ್ತು 75. ಕೊನೆಯದು ದಂಡ. 25ನ್ನು ತಲೆಕೆಳಗು ಮಾಡಿದರೆ 75, ಕಿವಿಗೆ ಎರಡೂ ಒಂದೇ. ಉಳಿದ ಮೂರರ ಬಣ್ಣ ಬೇರೆ ಬೇರೆ. 50ರಲ್ಲಿ ಮೂಲ ಸ್ವರದ ಬೆಸ ಹಾರ್ಮೋನಿಕ್‌ಗಳು, ಅಂದರೆ 3 ಪಟ್ಟು, 5 ಪಟ್ಟು, 7 ಪಟ್ಟು ಹೀಗೆ ಮೇಲೆ ಹೋಗುವ ಸ್ವರಗಳು ಮಾತ್ರ ಇರುತ್ತವೆ. ಅದಕ್ಕೇ ಅದು ಒಳಗೆ ಟೊಳ್ಳು ಅನಿಸುತ್ತದೆ. 25ರಲ್ಲಿ ಪ್ರತಿ ನಾಲ್ಕನೆಯದು ಮಾತ್ರ ಕಾಣೆ, ಸದ್ದು ತುಂಬಿಕೊಂಡಿರುತ್ತದೆ. 12.5 ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ.

ಇನ್ನೊಂದು ತಮಾಷೆಯ ಸಂಗತಿ ಇದೆ. ನಕಲು ಯಂತ್ರಗಳ ಕೆಲವು ಚಿಪ್‌ಗಳಲ್ಲಿ 25 ಮತ್ತು 50ರ ಡ್ಯೂಟಿ ಅದಲು ಬದಲಾಗಿ ಹೋಗಿತ್ತು. ಹಾಗಾಗಿ ನಿಮ್ಮ ನೆನಪಿನಲ್ಲಿರುವ ಗೇಮ್ ಹಾಡು ಅಸಲಿಗಿಂತ ಬೇರೆ ಬಣ್ಣದ್ದಿರಬಹುದು. ಯೂಟ್ಯೂಬಿನಲ್ಲಿ ಅಸಲಿಯನ್ನು ಕೇಳಿ ‘ಇದು ಹೀಗಿರಲಿಲ್ವಲ್ಲ’ ಅಂತ ಅನಿಸಿದ್ದರೆ ಕಿವಿಯನ್ನು ಬೈಯಬೇಡಿ.

ಶ್ರುತಿ ಯಾಕೆ ಚೂರು ತಪ್ಪುತ್ತದೆ?

ನಮ್ಮ ಕೋಡಿಗೆ 440 ಅಂದರೆ 440. ಚಿಪ್ಪಿಗೆ ಹಾಗಲ್ಲ. ಅದರ ಹತ್ತಿರ ಇದ್ದದ್ದು ಸೆಕೆಂಡಿಗೆ 17,89,773 ಸಲ ಬಡಿಯುವ ಒಂದು ಗಡಿಯಾರ, ಮತ್ತೆ ಎಣಿಸುವ ಶಕ್ತಿ. ಪಲ್ಸ್ ಚಾನೆಲ್‌ಗೆ 0ಯಿಂದ 2047ರ ಒಳಗಿನ ಒಂದು ಅಂಕಿ ಕೊಡಬೇಕು. ಆ ಅಂಕಿಗೆ ಒಂದು ಕೂಡಿಸಿ, 16ರಿಂದ ಗುಣಿಸಿ, ಬಂದದ್ದರಿಂದ ಗಡಿಯಾರದ ವೇಗವನ್ನು ಭಾಗಿಸಿದರೆ ಫ್ರೀಕ್ವೆನ್ಸಿ ಸಿಗುತ್ತದೆ.

253 ಕೊಟ್ಟರೆ 440.4 ಹರ್ಟ್ಸ್. ಪರವಾಗಿಲ್ಲ. 252 ಕೊಟ್ಟರೆ 442.1. ನಡುವೆ ಏನೂ ಇಲ್ಲ. ಅರ್ಧ ಸ್ವರವನ್ನು 100 ಸೆಂಟ್ ಅಂತ ಲೆಕ್ಕ ಹಾಕಿದರೆ ಈ ಹೆಜ್ಜೆ ಸುಮಾರು 7 ಸೆಂಟ್. ಮೇಲೆ ಹೋದ ಹಾಗೆ ಹೆಜ್ಜೆ ದೊಡ್ಡದಾಗುತ್ತದೆ. 3520 ಹರ್ಟ್ಸ್ ಬೇಕು ಅಂದರೆ ಸಿಗುವುದು 3495.6, ಇಲ್ಲವೇ 3608.4. ಹತ್ತಿರದ್ದನ್ನೇ ತೆಗೆದುಕೊಂಡರೂ 12 ಸೆಂಟ್ ಕೆಳಗೆ. ಸಂಗೀತ ಕಲಿತವರಿಗೆ ಅದು ಗೊತ್ತಾಗುತ್ತದೆ.

ನಮ್ಮ ಕೋಡಿನಲ್ಲಿ ಈ ತಪ್ಪನ್ನು ಬೇಕೆಂದೇ ತರುವುದು ಸುಲಭ: ಬೇಕಾದ ಫ್ರೀಕ್ವೆನ್ಸಿಯಿಂದ ಆ ಅಂಕಿಯನ್ನು ಲೆಕ್ಕ ಹಾಕಿ, ಪೂರ್ಣಾಂಕಕ್ಕೆ ಇಳಿಸಿ, ಮತ್ತೆ ವಾಪಸ್ ಫ್ರೀಕ್ವೆನ್ಸಿ ಮಾಡುವುದು. ಗಮಕದ ಹಾಗೆ ಸ್ವರ ಜಾರಿಸುವಾಗ ಇದರ ರುಚಿ ಗೊತ್ತಾಗುತ್ತದೆ. ಸ್ವರ ನುಣ್ಣಗೆ ಜಾರುವ ಬದಲು ಸಣ್ಣ ಸಣ್ಣ ಮೆಟ್ಟಿಲು ಹತ್ತುತ್ತದೆ. ನನಗೆ ಇದು ಇಷ್ಟ. ಬೇಡದವರು ಬಿಡಬಹುದು.

ಸೆಕೆಂಡಿಗೆ 60 ಸಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮೆರಿಕ, ಜಪಾನ್‌ಗಳ ಟಿವಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತಿತ್ತು. ನಮ್ಮಲ್ಲಿ 50. ಗೇಮ್ ಪ್ರೋಗ್ರಾಂ ಆ ಪ್ರತಿ ಸುತ್ತಿಗೆ ಒಮ್ಮೆ ಎದ್ದು, ಚಿತ್ರ ಬದಲಾಯಿಸಿ, ಜೊತೆಗೆ ಸದ್ದಿನ ರಿಜಿಸ್ಟರ್‌ಗಳಿಗೂ ಹೊಸ ಅಂಕಿ ಬರೆದು ಹೋಗುತ್ತಿತ್ತು. ಈ ಒಂದು ಸುತ್ತೇ ಫ್ರೇಮ್. 60ರ ಲೆಕ್ಕದಲ್ಲಿ ಒಂದು ಫ್ರೇಮಿಗೆ ನಮ್ಮ 735 ಸ್ಯಾಂಪಲ್. ಆ 735 ಸ್ಯಾಂಪಲ್ ಮುಗಿಯುವವರೆಗೆ ಸ್ವರ, ವಾಲ್ಯೂಮ್, ಡ್ಯೂಟಿ ಯಾವುದೂ ಅಲ್ಲಾಡಬಾರದು. ಮುಗಿದ ತಕ್ಷಣ ಮೂರೂ ಬದಲಾಗಬಹುದು.

ಆದ್ದರಿಂದ ಒಂದು ವಾದ್ಯ ಅಂದರೆ ಮೂರು ಪಟ್ಟಿ. ವಾಲ್ಯೂಮಿಗೆ ಒಂದು, ಸ್ವರಕ್ಕೆ ಒಂದು, ಡ್ಯೂಟಿಗೆ ಒಂದು. ವಾಲ್ಯೂಮ್ 0ಯಿಂದ 15ರವರೆಗೆ ಮಾತ್ರ, ಹದಿನಾರೇ ಮೆಟ್ಟಿಲು.

ಹಣ್ಣು ಕಿತ್ತಾಗಿನ ಸದ್ದನ್ನು ಹತ್ತಿರದಿಂದ ನೋಡಿ. ವಾಲ್ಯೂಮ್ ಪಟ್ಟಿ: 15, 14, 13, 11, 9, 7, 5, 3, 2, 1, 0. ಸ್ವರದ ಪಟ್ಟಿ, ಮೂಲ ಸ್ವರಕ್ಕಿಂತ ಎಷ್ಟು ಅರ್ಧ ಸ್ವರ ಮೇಲೆ ಅನ್ನುವ ಲೆಕ್ಕದಲ್ಲಿ: 0, 0, 7, 12, 12, 12, ಕೊನೆಯವರೆಗೆ 12. ಡ್ಯೂಟಿ ಪಟ್ಟಿ: ಮೊದಲ ಎರಡು ಫ್ರೇಮ್ 50, ಆಮೇಲೆ 12.5. ಒಟ್ಟು ಹನ್ನೊಂದು ಫ್ರೇಮ್, ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಇದರಲ್ಲಿ ಡ್ಯೂಟಿ ಪಟ್ಟಿಯನ್ನು ತೆಗೆದು ಬರೀ 50 ಇಟ್ಟು ಕೇಳಿ, ಟಿಂಗ್ ಹೋಗಿ ಪೀಪಿ ಆಗುತ್ತದೆ. ಆ ಮೊದಲ ಎರಡು ಫ್ರೇಮಿನ ದಪ್ಪ ಸದ್ದೇ ಹಣ್ಣು ಕೊಂಬೆಯಿಂದ ಬಿಟ್ಟುಬಂದ ಹಾಗೆ ಕೇಳಿಸುವುದು.

ಇದೇ ಉಪಾಯದ ಇನ್ನೊಂದು ರೂಪ ಆರ್ಪೆಜಿಯೊ. ಎರಡೇ ಪಲ್ಸ್ ಚಾನೆಲ್ ಇಟ್ಟುಕೊಂಡು ಮೂರು ಸ್ವರದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿಸುವುದು ಹೇಗೆ? ಒಂದೇ ಚಾನೆಲ್‌ನಲ್ಲಿ ಮೂರನ್ನೂ ಒಂದೊಂದು ಫ್ರೇಮಿನಂತೆ ತಿರುಗಿಸಿ ನುಡಿಸಿದರಾಯಿತು. ಸ್ವರದ ಪಟ್ಟಿ 0, 4, 7, ಮತ್ತೆ 0, 4, 7. ಶಂಕರಾಭರಣದ ಸ, ಗ, ಪ. ಮೂಲ ಸ್ವರ 440 ಇದ್ದರೆ 440, 554.4, 659.3 ಹರ್ಟ್ಸ್. ಒಂದೊಂದಕ್ಕೆ 16 ಮಿಲಿಸೆಕೆಂಡ್ ಚಿಲ್ಲರೆ ಸಿಗುತ್ತದೆ. ಕಿವಿ ಬಿಡಿಬಿಡಿಯಾಗಿ ಕೇಳಿಸಿಕೊಳ್ಳಲಾರದೆ ಮೂರನ್ನೂ ಒಟ್ಟು ಹಾಕುತ್ತದೆ, ಆದರೆ ಪೂರ್ತಿ ಕರಗಿಸುವುದೂ ಇಲ್ಲ. ಗುಳುಗುಳು ಅನ್ನುವ ಆ ಸದ್ದನ್ನು ಕೇಳಿದ ತಕ್ಷಣ ಯಾರಾದರೂ ‘ಹಳೇ ಗೇಮ್’ ಅನ್ನುತ್ತಾರೆ.

ಇನ್ನು ದುಡಿ. ಕೊಡವರ ಪಾಟ್ ಹಾಡುವವರ ಕೈಯಲ್ಲಿ ಇರುವ, ನಡು ಸಣ್ಣಗಿರುವ ಚಿಕ್ಕ ವಾದ್ಯ. ಪುತ್ತರಿ ಸುಗ್ಗಿ ಹಬ್ಬಕ್ಕೆ, ಮದುವೆಗೆ ಅದರ ಸದ್ದು ಕೇಳಿ ಬೆಳೆದವರಿಗೆ ಯಾವ ಡ್ರಮ್ ಕೊಟ್ಟರೂ ಒಪ್ಪಿಗೆಯಾಗುವುದಿಲ್ಲ. ಮಕ್ಕಳೂ ಒಪ್ಪಲಿಲ್ಲ. ಚಿಪ್‌ನಲ್ಲಿ ಇದಕ್ಕೆ ಟ್ರಯಾಂಗಲ್ ಚಾನೆಲ್ ಬೇಕು. ಅದರ ಅಲೆ 15ರಿಂದ 0ಗೆ ಇಳಿದು ಮತ್ತೆ 15ಕ್ಕೆ ಹತ್ತುವ 32 ಮೆಟ್ಟಿಲು, ಹಾಗಾಗಿ ಮೆತ್ತಗಿನ ಸದ್ದು. ವಾಲ್ಯೂಮ್ ಮಾತ್ರ ಇಲ್ಲವೇ ಇಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಸುಮ್ನೆ. ಚರ್ಮವಾದ್ಯಕ್ಕೆ ಪೆಟ್ಟು ಬಿದ್ದಾಗ ಚರ್ಮ ಮೊದಲು ಬಿಗಿದು ಆಮೇಲೆ ಸಡಿಲಾಗುತ್ತದೆ, ಸ್ವರ ಥಟ್ಟನೆ ಇಳಿಯುತ್ತದೆ. ಆ ಇಳಿತವನ್ನು ಪಟ್ಟಿಯಲ್ಲಿ ಬರೆದೆವು: 520, 390, 330, 300, 290 ಹರ್ಟ್ಸ್, ಆಮೇಲೆ ಬಂದ್. ಐದೇ ಫ್ರೇಮ್. ಮೊದಲ ಫ್ರೇಮಿಗೆ ಮಾತ್ರ ನಾಯ್ಸ್ ಚಾನೆಲ್‌ನಿಂದ ಒಂದು ‘ಟಕ್’. ಅದು ಕೋಲಿನ ಪೆಟ್ಟು. ಈ ಅಂಕಿಗಳನ್ನು ಯಾವ ಪುಸ್ತಕದಿಂದಲೂ ತೆಗೆದದ್ದಲ್ಲ, ಕಿವಿಗೆ ಒಪ್ಪುವವರೆಗೆ ಬದಲಾಯಿಸಿದ್ದು. ನಿಮಗೆ ಬೇರೆ ಅಂಕಿ ಹಿಡಿಸಬಹುದು.

ಮಳೆ ಎಲ್ಲಿಂದ ಬರುತ್ತದೆ?

ನಾಯ್ಸ್ ಚಾನೆಲ್ ನನಗೆ ಎಲ್ಲಕ್ಕಿಂತ ಇಷ್ಟ. ಕಂಪ್ಯೂಟರಿನ ರ್‍ಯಾಂಡಮ್ ಫಂಕ್ಷನ್ ಕರೆದರೆ ಸರಸರ ಸದ್ದು ಸಿಗುತ್ತದೆ, ಹೌದು. ಆದರೆ ಅದು ಚಿಪ್ಪಿನ ಸದ್ದಲ್ಲ. ಚಿಪ್ಪಿಗೆ ಲಾಟರಿ ಎತ್ತಲು ಬರುತ್ತಿರಲಿಲ್ಲ. ಅದು ಒಂದು ಚಾಲಾಕಿ ಮಾಡುತ್ತಿತ್ತು.

ಚಿಕ್ಕದಾಗಿ, ನಾಲ್ಕೇ ಬಿಟ್, ಅಂದರೆ 0 ಅಥವಾ 1 ಇರುವ ನಾಲ್ಕು ಮನೆ ಇಟ್ಟುಕೊಂಡು ಮಾಡಿ ನೋಡೋಣ. ಕಾಗದದ ಮೇಲೆ 0001 ಅಂತ ಬರೆಯಿರಿ. ಬಲಗಡೆಯ ಎರಡು ಅಂಕಿ ನೋಡಿ. ಅವೆರಡೂ ಒಂದೇ ಆಗಿದ್ದರೆ 0, ಬೇರೆ ಬೇರೆ ಆಗಿದ್ದರೆ 1. ಇಲ್ಲಿ 0 ಮತ್ತು 1, ಬೇರೆ ಬೇರೆ, ಅಂದರೆ 1. ಈಗ ಎಲ್ಲವನ್ನೂ ಬಲಕ್ಕೆ ಒಂದು ಮನೆ ತಳ್ಳಿ, ಬಲತುದಿಯದ್ದು ಬಿದ್ದುಹೋಗಲಿ, ಎಡಗಡೆ ಖಾಲಿಯಾದ ಜಾಗಕ್ಕೆ ಆ 1 ಹಾಕಿ. 1000 ಆಯಿತು. ಮುಂದಿನದು 0100, ಆಮೇಲೆ 0010, 1001, 1100, 0110, 1011, 0101, 1010, 1101, 1110, 1111, 0111, 0011, ಮತ್ತೆ 0001. ಹದಿನೈದು ಹೆಜ್ಜೆಗೆ ಒಂದು ಸುತ್ತು. ಪ್ರತಿ ಸಲ ಬಲತುದಿಯ ಅಂಕಿಯನ್ನು ಮಾತ್ರ ಬರೆದುಕೊಂಡರೆ 1 0 0 0 1 0 0 1 1 0 1 0 1 1 1. ನೋಡಲು ಯಾವ ಕ್ರಮವೂ ಇಲ್ಲದ ಹಾಗಿದೆ, ಆದರೆ ಪ್ರತಿಯೊಂದೂ ಲೆಕ್ಕದಿಂದ ಬಂದದ್ದು. ಎಲ್ಲವೂ ಸೊನ್ನೆ ಆಗಿಬಿಟ್ಟರೆ ಮಾತ್ರ ಅಲ್ಲೇ ಸಿಕ್ಕಿಬೀಳುತ್ತದೆ, ಹಾಗಾಗಿ 0000ಯಿಂದ ಶುರು ಮಾಡಬೇಡಿ.

ಫ್ಯಾಮಿಕಾಮ್ ಇದನ್ನೇ 15 ಬಿಟ್‌ನಲ್ಲಿ ಮಾಡುತ್ತಿತ್ತು. 32,767 ಹೆಜ್ಜೆಗೆ ಒಂದು ಸುತ್ತು, ಕಿವಿಗೆ ಮರುಕಳಿಕೆ ತಿಳಿಯದಷ್ಟು ಉದ್ದ. ಎಷ್ಟು ಬೇಗ ತಳ್ಳಬೇಕು ಅನ್ನುವುದಕ್ಕೆ 16 ವೇಗಗಳ ಒಂದು ಪಟ್ಟಿ ಇತ್ತು. ಜೊತೆಗೆ ಒಂದು ವಿಚಿತ್ರ ಸ್ವಿಚ್: ಪಕ್ಕದ ಬಿಟ್ ಜೊತೆ ಹೋಲಿಸುವ ಬದಲು ಆರು ಮನೆ ಆಚೆಯ ಬಿಟ್ ಜೊತೆ ಹೋಲಿಸುವುದು. ಆಗ ಸುತ್ತು ಸಾಮಾನ್ಯವಾಗಿ 93 ಹೆಜ್ಜೆಗೇ ಮುಗಿಯುತ್ತದೆ. ಸೆಕೆಂಡಿಗೆ 27,965 ಸಲ ತಳ್ಳುವ ವೇಗದಲ್ಲಿ ಆ 93ರ ಸುತ್ತು ಸೆಕೆಂಡಿಗೆ ಸುಮಾರು 300 ಸಲ ಮರುಕಳಿಸುತ್ತದೆ. ಅಷ್ಟು ಬೇಗ ಮರುಕಳಿಸಿದ್ದು ಸ್ವರವಾಗಿ ಕೇಳುತ್ತದೆ. ಸರಸರ ಹೋಗಿ ತಗಡು ಬಡಿದ ಸದ್ದು ಬರುತ್ತದೆ.

ಕೊಡಗಿನವರಿಗೆ ಇದರ ಉಪಯೋಗ ಹೇಳಬೇಕಾಗಿಲ್ಲ. ಹೆಂಚಿನ ಮೇಲಿನ ಮಳೆಗೆ ಉದ್ದದ ಸುತ್ತು, ಶೀಟಿನ ಮೇಲಿನ ಮಳೆಗೆ ಗಿಡ್ಡ ಸುತ್ತು. ಗೇಮಿನಲ್ಲಿ ಮಾರ್ಚ್ ತಿಂಗಳು ಒತ್ತಿದರೆ ಕಾಫಿ ಹೂ ಅರಳಿಸುವ ಹೂಮಳೆ: ವೇಗ ಜಾಸ್ತಿ, ವಾಲ್ಯೂಮ್ 2 ಅಥವಾ 3, ನಡುನಡುವೆ ನಾಲ್ಕೈದು ಫ್ರೇಮ್ ಖಾಲಿ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ವೇಗ ಇಳಿಸಿ, ವಾಲ್ಯೂಮನ್ನು 9 ಮತ್ತು 12ರ ನಡುವೆ ಮೆಲ್ಲಗೆ ಏರಿಳಿಸಬೇಕು, ಖಾಲಿ ಜಾಗ ಇರಲೇಬಾರದು. ಇಲ್ಲೂ ಅದೇ ಕತೆ. ಒಂದೇ ವಾಲ್ಯೂಮ್ ಇಟ್ಟರೆ ಕೇಬಲ್ ಕಿತ್ತ ಟಿವಿಯ ಸದ್ದು, ಪಟ್ಟಿ ಹಾಕಿದರೆ ಮಳೆ.

ಇಲ್ಲದ ಸ್ವರ ಕೇಳಿಸುವುದು

ಇಷ್ಟೆಲ್ಲ ಮಾಡಿ ಮೇಲಿನ ಸ್ವರಗಳನ್ನು ನುಡಿಸಿದಾಗ ಒಂದು ತೊಂದರೆ ಬರುತ್ತದೆ. 3000 ಹರ್ಟ್ಸ್ ಸ್ಕ್ವೇರ್ ವೇವ್ ನುಡಿಸಿ, ಅದರ ಅಡಿಯಲ್ಲಿ ಯಾರೋ ಬೇರೆ ಸ್ವರ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಕೋಡ್ ತಪ್ಪಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದರೆ ಅದರ ಅರ್ಧ, 22,050 ಹರ್ಟ್ಸ್‌ವರೆಗೆ ಮಾತ್ರ ಹಿಡಿಯಬಹುದು. ಸ್ಕ್ವೇರ್ ವೇವ್‌ನ ಹಾರ್ಮೋನಿಕ್‌ಗಳಿಗೋ ಕೊನೆಯೇ ಇಲ್ಲ. ಮಿತಿ ದಾಟಿದವು ಮಾಯವಾಗುವ ಬದಲು ಮಡಚಿಕೊಂಡು ಕೆಳಗೆ ಬರುತ್ತವೆ. 13ನೇ ಹಾರ್ಮೋನಿಕ್ 39,000 ಹರ್ಟ್ಸ್, ಅದು 44,100ರಿಂದ ಕಳೆದು 5100 ಆಗುತ್ತದೆ. 15ನೆಯದು 45,000, ಅದು 900 ಹರ್ಟ್ಸ್ ಆಗಿ ಮೂಲ ಸ್ವರಕ್ಕಿಂತಲೂ ಕೆಳಗೆ ಬಂದು ಕೂರುತ್ತದೆ. ಇದೇ ಅಲಿಯಾಸಿಂಗ್. ಅಸಲಿ ಚಿಪ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಬಡಿಯುತ್ತಿದ್ದದ್ದರಿಂದ ಅದಕ್ಕೆ ಈ ಕಾಟ ಇರಲಿಲ್ಲ. ಕೆಲವರು ಇದನ್ನೇ ‘ರೆಟ್ರೊ ಗಲೀಜು’ ಅಂತ ಮೆಚ್ಚುತ್ತಾರೆ. ಅದು ರೆಟ್ರೊ ಅಲ್ಲ, ನಮ್ಮ ಲ್ಯಾಪ್‌ಟಾಪಿನದ್ದೇ ಗಲೀಜು.

ಸುಲಭದ ಮದ್ದು ಹೀಗೆ. ಅಲೆ ಮೇಲಿಂದ ಕೆಳಕ್ಕೆ ಜಿಗಿಯುವ ಕ್ಷಣ ಸಾಮಾನ್ಯವಾಗಿ ಎರಡು ಸ್ಯಾಂಪಲ್‌ಗಳ ನಡುವೆ ಎಲ್ಲೋ ಬೀಳುತ್ತದೆ. ನಮ್ಮ ಮೂರು ಸಾಲು ಅದನ್ನು ಮುಂದಿನ ಸ್ಯಾಂಪಲ್‌ಗೆ ದೂಡುತ್ತದೆ, ತೊಂದರೆಯ ಮೂಲ ಅದೇ. ಬದಲಿಗೆ ಆ ಒಂದು ಸ್ಯಾಂಪಲ್‌ನ ಅವಧಿಯಲ್ಲಿ ಅಲೆ ಎಷ್ಟು ಪಾಲು ಮೇಲಿತ್ತು, ಎಷ್ಟು ಪಾಲು ಕೆಳಗಿತ್ತು ಅಂತ ಲೆಕ್ಕ ಹಾಕಿ ನಡುವಿನ ಅಂಕಿ ಕೊಡಿ. ಶೇಕಡಾ 70 ಮೇಲಿದ್ದರೆ 0.7ರಿಂದ 0.3 ಕಳೆದು 0.4. ಅಷ್ಟಕ್ಕೇ ಗುಂಯ್‌ಗುಡುವುದು ಬಹಳ ಮಟ್ಟಿಗೆ ತಗ್ಗುತ್ತದೆ. ಇದನ್ನೇ ಎರಡು ಸ್ಯಾಂಪಲ್‌ಗೆ ಹರಡಿ ಇನ್ನಷ್ಟು ನಯ ಮಾಡುವ ವಿಧಾನಕ್ಕೆ ಪಾಲಿಬ್ಲೆಪ್ ಅನ್ನುತ್ತಾರೆ. ಮೊಬೈಲ್ ಗೇಮಿಗೆ ಅದು ಧಾರಾಳ ಸಾಕು.

ಒಟ್ಟು ಸೇರಿಸುವಾಗ

ನಾವು ಬಳಸಿದ ನಾಲ್ಕು ಚಾನೆಲ್‌ನ ಸ್ಯಾಂಪಲ್‌ಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿ, 32,767ರಿಂದ ಗುಣಿಸಿ, ವೇವ್ ಫೈಲಿಗೆ ಬರೆದರೆ ಮುಗಿಯಿತು. ಭಾಗಿಸುವುದನ್ನು ಮರೆತರೆ ಅಂಕಿ ಮಿತಿ ಮೀರಿ ಕರಕರ ಅನ್ನುತ್ತದೆ. ಟ್ರಯಾಂಗಲ್‌ನಲ್ಲಿ 100 ಹರ್ಟ್ಸ್ ಹತ್ತಿರದ ಬೇಸ್ ನುಡಿಸಿದರೆ ಫೋನಿನ ಸ್ಪೀಕರಿನಲ್ಲಿ ಹೆಚ್ಚುಕಡಿಮೆ ಏನೂ ಕೇಳುವುದಿಲ್ಲ, ಅದರ ಹಾರ್ಮೋನಿಕ್‌ಗಳು ತೀರಾ ಸಣ್ಣವು. ಫೋನಿಗೆ ಮಾಡುವವರು ಬೇಸನ್ನು ಪಲ್ಸ್‌ಗೆ ಕೊಡುವುದು ವಾಸಿ.

ಉಳಿದದ್ದು ಆನೆ. ಅದರ ಘೀಳಿಗೆ 12.5ರ ಪಲ್ಸ್, ಸ್ವರ 500ರಿಂದ 900 ಹರ್ಟ್ಸ್‌ಗೆ ಹತ್ತುವ ಪಟ್ಟಿ, ಫ್ರೇಮ್ ಬಿಟ್ಟು ಫ್ರೇಮ್ 40 ಹರ್ಟ್ಸ್ ಕೆಳಗೆ ಎಳೆಯುವುದು. ಆದರೆ ಎರಡೂ ಪಲ್ಸ್ ಚಾನೆಲ್‌ನಲ್ಲಿ ದುಡಿಯ ಜೊತೆಗಿನ ಹಿನ್ನೆಲೆ ಹಾಡು ಓಡುತ್ತಿದೆಯಲ್ಲ? ಹಳೇ ಗೇಮ್‌ಗಳು ಮಾಡಿದ್ದನ್ನೇ ಮಾಡಬೇಕು: ಹಾಡಿನ ಒಂದು ಚಾನೆಲ್ ಕಿತ್ತುಕೊಂಡು ಆನೆಗೆ ಕೊಡುವುದು, ಹಾಡಿನ ಲೆಕ್ಕವನ್ನು ಒಳಗೊಳಗೇ ಓಡಿಸುತ್ತಿರುವುದು, ಘೀಳು ಮುಗಿದ ಮೇಲೆ ವಾಪಸ್ ಬಿಡುವುದು. ಅದಕ್ಕೆ ಪ್ರತಿ ಸದ್ದಿಗೂ ಒಂದು ದರ್ಜೆ ಬೇಕು. ನಮ್ಮದರಲ್ಲಿ ಆನೆಗೆ 3, ಹಣ್ಣಿಗೆ 2, ಹಾಡಿಗೆ 1. ಆನೆ ಕೂಗುವಾಗ ಹಣ್ಣು ಕಿತ್ತರೆ ಟಿಂಗ್ ಬರುವುದಿಲ್ಲ. ಆ ಹೊತ್ತಿನಲ್ಲಿ ಹಣ್ಣು ಕೀಳುವವನಿಗೆ ಅಷ್ಟು ಶಿಕ್ಷೆ ಇರಲಿ ಅಂತ ಮಕ್ಕಳ ವಾದ.

ಮಳೆಗೂ ದುಡಿಗೂ ಮಾತ್ರ ಜಗಳ ಉಳಿಯಿತು, ಇರುವುದು ಒಂದೇ ನಾಯ್ಸ್ ಚಾನೆಲ್. ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಸೇರಿಸಲು ಯಾವ ಅಡ್ಡಿಯೂ ಇಲ್ಲ. ಸೇರಿಸಲಿಲ್ಲ. ಕೋಲಿನ ‘ಟಕ್’ ಬರುವ ಒಂದು ಫ್ರೇಮ್ ಮಳೆ ನಿಲ್ಲುತ್ತದೆ, ಆಮೇಲೆ ಮುಂದುವರಿಯುತ್ತದೆ. ಆ 16 ಮಿಲಿಸೆಕೆಂಡಿನಲ್ಲಿ ಮಳೆ ಕಾಣೆಯಾದದ್ದು ಯಾರಿಗೂ ತಿಳಿಯುವುದಿಲ್ಲ, ದುಡಿಯ ಪೆಟ್ಟು ಮಾತ್ರ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ.